ಕಡಲ ರೀವ, ಅಂಗಳದ ಮಡಿವಾಳ: ಎರಡಕ್ಕೂ ಒಂದೇ ಉಪಚಾರ ಸಲ್ಲದು

ಮಾನ್ಯ ಸಂಪಾದಕರೇ,

ಮುಂಗಾರು ಬಿರುಸಾದ ಒಂದೆರಡು ವಾರಗಳಲ್ಲಿ ಮಲ್ಪೆ, ಕಾಪು, ಸಸಿಹಿತ್ಲು, ತಣ್ಣೀರುಬಾವಿ, ಉಳ್ಳಾಲದಂತಹ ಕಡಲತೀರಗಳಲ್ಲಿ ಊರವರು ಹಿಂದೆಂದೂ ಕಂಡಿರದ ಹಕ್ಕಿಯೊಂದು ನಿತ್ರಾಣವಾಗಿ ಮರಳ ಮೇಲೆ ಬಿದ್ದಿರುವ ಸುದ್ದಿ ಕೇಳಿಬರುವುದು ಹೊಸದೇನಲ್ಲ. ಅದಕ್ಕೆ ತುಸು ಮೊದಲು, ಎಪ್ರಿಲ್ ಮತ್ತು ಮೇ ತಿಂಗಳಲ್ಲಿ, ಇನ್ನೊಂದು ಬಗೆಯ ಹಕ್ಕಿ ಜನರ ಕೈಗೆ ಸಿಗುತ್ತದೆ. ಅದು ಹಿತ್ತಲಿನಲ್ಲಿ, ಅಂಗಳದ ಮೂಲೆಯಲ್ಲಿ, ಬಾವಿಕಟ್ಟೆಯ ಪಕ್ಕದಲ್ಲಿ ಸರಿಯಾಗಿ ಹಾರಲಾರದೆ ಕುಪ್ಪಳಿಸುತ್ತಿರುವ ಹಾಡುಹಕ್ಕಿಯ ಮರಿ. ಎರಡೂ ಸಂದರ್ಭಗಳಲ್ಲಿ ನಮ್ಮವರು ತೋರುವ ಕನಿಕರ ನಿಜವಾದದ್ದು, ಅದನ್ನು ನಾನು ಗೌರವಿಸುತ್ತೇನೆ. ಆದರೆ ಆ ಕನಿಕರದಲ್ಲಿ ಮಾಡುವ ಕೆಲಸ ಮಾತ್ರ ಹೆಚ್ಚಿನ ಸಲ ತಿರುವುಮುರುವಾಗಿರುತ್ತದೆ. ಕಡಲಿನದು ಕಡಲಿಗೇ ಸೇರಲಿ ಎಂದು ದಣಿದ ಹಕ್ಕಿಯನ್ನು ಮತ್ತೆ ತೆರೆಗಳತ್ತ ಎಸೆಯುತ್ತಾರೆ. ಅಂಗಳದ ಮರಿಯನ್ನು ಅನಾಥವೆಂದು ಭಾವಿಸಿ ಮನೆಯೊಳಗೆ ತಂದು ಹಾಲನ್ನ ತಿನ್ನಿಸುತ್ತಾರೆ. ಎತ್ತಿಕೊಳ್ಳಬೇಕಾದ ಹಕ್ಕಿಯನ್ನು ಬಿಡುತ್ತಿದ್ದೇವೆ, ಬಿಡಬೇಕಾದ ಹಕ್ಕಿಯನ್ನು ಎತ್ತಿಕೊಳ್ಳುತ್ತಿದ್ದೇವೆ. ಹೀಗೇಕಾಗಬಾರದು ಎಂಬುದನ್ನು ಎರಡು ಹಕ್ಕಿಗಳ ಬದುಕನ್ನು ಪಕ್ಕಪಕ್ಕದಲ್ಲಿಟ್ಟು ವಿವರಿಸುವುದಕ್ಕಾಗಿ ಈ ಪತ್ರ. ಇದು ದೀರ್ಘವಾಗಿದ್ದರೂ ತಾವು ಪ್ರಕಟಿಸಬೇಕೆಂದು ಕೋರುತ್ತೇನೆ.

ನಾನು ಆರಿಸಿಕೊಂಡಿರುವ ಕಡಲ ಹಕ್ಕಿ, ಸೂಟಿ ಟರ್ನ್ ಎಂದು ಹೆಸರಾಗಿರುವ ಕಪ್ಪು ಬೆನ್ನಿನ ರೀವ. ಹಾಡುಹಕ್ಕಿಯಾಗಿ ಆರಿಸಿಕೊಂಡಿರುವುದು ನಮ್ಮೆಲ್ಲರ ಮನೆಯ ಸುತ್ತ ಇರುವ ಮಡಿವಾಳ. ಮೊದಲ ನೋಟಕ್ಕೆ ಎರಡೂ ಕಪ್ಪು-ಬಿಳುಪಿನ ಹಕ್ಕಿಗಳೇ. ಮೇಲ್ಮೈ ಕಪ್ಪು, ಹೊಟ್ಟೆ ಬಿಳಿ. ಹೋಲಿಕೆ ಅಷ್ಟಕ್ಕೇ ಮುಗಿಯಿತು.

ಮಡಿವಾಳದ ಬಗ್ಗೆ ಇಲ್ಲಿನ ಓದುಗರಿಗೆ ಹೆಚ್ಚು ಹೇಳಬೇಕಾಗಿಲ್ಲ. ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 19 ಸೆಂಟಿಮೀಟರ್ ಉದ್ದ, 30ರಿಂದ 40 ಗ್ರಾಂ ತೂಕ. ಗಂಡು ಹೊಳೆಯುವ ಕಪ್ಪು, ಹೆಣ್ಣು ಬೂದುಗಪ್ಪು. ಬಾಲವನ್ನು ನಿಗುರಿಸಿಕೊಂಡು ತರಗೆಲೆಗಳ ನಡುವೆ ಹುಳು-ಹುಪ್ಪಟೆ ಹೆಕ್ಕುವ ಈ ಹಕ್ಕಿ ಬಾಂಗ್ಲಾದೇಶದ ರಾಷ್ಟ್ರಪಕ್ಷಿ. ವರ್ಷದ ಮೊದಲ ತಿಂಗಳುಗಳಿಂದ ಮಳೆಗಾಲದ ಆರಂಭದವರೆಗೆ ಬೆಳಕು ಹರಿಯುವ ಮುನ್ನವೇ ಮಾವಿನ ಮರದ ತುದಿಯಲ್ಲೋ ವಿದ್ಯುತ್ ತಂತಿಯ ಮೇಲೋ ಕುಳಿತು ಗಂಡು ಹಾಡುವ ಹಾಡು ನಮ್ಮ ಕರಾವಳಿಯ ಬೆಳಗಿನ ಒಂದು ಭಾಗವೇ ಆಗಿದೆ.

ರೀವದ ಬದುಕು ಹಾಗಲ್ಲ. ಅದನ್ನು ಹತ್ತಿರದಿಂದ ಕಂಡವರು ಆಳಸಮುದ್ರಕ್ಕೆ ಹೋಗುವ ಮೀನುಗಾರರು ಮತ್ತು ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳ ಖಲಾಸಿಗಳು ಮಾತ್ರ. ತೂಕ ಸುಮಾರು 200 ಗ್ರಾಂ ಅಷ್ಟೇ ಇದ್ದರೂ ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಹತ್ತಿರಹತ್ತಿರ ಮೂರು ಅಡಿ ಅಗಲವಾಗುವ ಈ ಹಕ್ಕಿ, ಮೊಟ್ಟೆಯಿಡುವ ಕಾಲವೊಂದನ್ನು ಬಿಟ್ಟರೆ ನೆಲಕ್ಕೆ ಬರುವುದೇ ಅಪರೂಪ. ಗೂಡಿನ ದ್ವೀಪ ಬಿಟ್ಟು ಹೊರಟ ಎಳೆಯ ರೀವ ಮತ್ತೆ ನೆಲವನ್ನು ಮೆಟ್ಟುವುದು ಹಲವು ವರ್ಷಗಳ ಬಳಿಕ. ಅಷ್ಟೂ ಕಾಲ ಅದರ ಬದುಕೆಲ್ಲ ತೆರೆದ ಸಮುದ್ರದ ಮೇಲಿನ ಗಾಳಿಯಲ್ಲಿ. ಇನ್ನೂ ವಿಚಿತ್ರವೆಂದರೆ, ಇದು ಕಡಲ ಹಕ್ಕಿಯೇ ಆದರೂ ಇದರ ಪುಕ್ಕಗಳು ಬಾತುಕೋಳಿಯ ಪುಕ್ಕಗಳಷ್ಟು ನೀರನ್ನು ತಡೆಯುವುದಿಲ್ಲ. ಬಹಳ ಹೊತ್ತು ನೀರಿನ ಮೇಲೆ ಕುಳಿತರೆ ಪುಕ್ಕ ನೆನೆದು, ಮೈ ಭಾರವಾಗಿ, ಮತ್ತೆ ಏಳುವುದೇ ಕಷ್ಟವಾಗುತ್ತದೆ. ಆದ್ದರಿಂದ ಅದು ಈಜಿ ಅಥವಾ ಮುಳುಗಿ ಬೇಟೆಯಾಡದೆ, ಹಾರುತ್ತಲೇ ನೀರಿನ ಮೇಲ್ಮೈಯಿಂದ ಸಣ್ಣ ಮೀನನ್ನೂ ಎಳೆಯ ಬೊಂಡಾಸನ್ನೂ (ಸ್ಕ್ವಿಡ್) ಕೊಕ್ಕಿನಿಂದ ಎತ್ತಿಕೊಳ್ಳುತ್ತದೆ.

ಆದರೆ ಮೇಲ್ಮೈಗೆ ಮೀನು ತಾನಾಗಿ ಬರುವುದಿಲ್ಲ. ಕೆಳಗಿನಿಂದ ಟ್ಯೂನಾ, ಅಂದರೆ ನಮ್ಮವರ ಕೇದರ ಮೀನಿನ ಹಿಂಡು ಅಟ್ಟಿಸಿಕೊಂಡು ಬಂದಾಗ ಸಣ್ಣ ಮೀನುಗಳು ದಿಕ್ಕೆಟ್ಟು ಮೇಲಕ್ಕೆ ಚಿಮ್ಮುತ್ತವೆ, ಆಗ ಮೇಲಿನಿಂದ ರೀವಗಳು ಎರಗುತ್ತವೆ. ಲಕ್ಷದ್ವೀಪದಲ್ಲಿ ಗಾಳದಿಂದ ಟ್ಯೂನಾ ಹಿಡಿಯುವವರು ಹಕ್ಕಿಗಳ ಗುಂಪನ್ನು ನೋಡಿಯೇ ಮೀನಿನ ಹಿಂಡು ಎಲ್ಲಿದೆ ಎಂದು ತಿಳಿಯುವುದು ಇದೇ ಕಾರಣಕ್ಕೆ. ಹಾಗಾಗಿ ದೊಡ್ಡ ಮೀನಿನ ಹಿಂಡು ಕರಗಿದಲ್ಲಿ, ಸಣ್ಣ ಮೀನು ಎಷ್ಟೇ ಇದ್ದರೂ, ಈ ಹಕ್ಕಿಗೆ ಹೊಟ್ಟೆ ತುಂಬುವುದು ಕಷ್ಟ. ಸಮುದ್ರದ ನೀರು ಕುಡಿದೇ ಬದುಕುವ ಇದರ ಕಣ್ಣುಗಳ ಮೇಲ್ಭಾಗದಲ್ಲಿ ಹೆಚ್ಚಿನ ಉಪ್ಪನ್ನು ರಕ್ತದಿಂದ ಸೋಸುವ ಗ್ರಂಥಿಗಳಿವೆ. ಸೋಸಿದ ಉಪ್ಪುನೀರು ಮೂಗಿನ ಹೊಳ್ಳೆಗಳ ಮೂಲಕ ಹನಿಹನಿಯಾಗಿ ಹೊರಬೀಳುತ್ತದೆ. ಮರಳಿನಲ್ಲಿ ಬಿದ್ದ ಕಡಲ ಹಕ್ಕಿಯ ಕೊಕ್ಕಿನಿಂದ ನೀರು ಸುರಿಯುತ್ತಿದೆಯೆಂದು ಅದಕ್ಕೆ ನೆಗಡಿಯೋ ರೋಗವೋ ಎಂದು ಹೆದರುವವರಿದ್ದಾರೆ. ಹಲವು ಸಲ ಅದು ಆ ದೇಹದ ಸಹಜ ಕೆಲಸವಷ್ಟೇ.

ಮೊಟ್ಟೆಯಿಡುವುದಕ್ಕೆ ಮಾತ್ರ ಇದಕ್ಕೆ ನೆಲ ಬೇಕೇಬೇಕು. ಅದೂ ಬೆಕ್ಕು, ಇಲಿ, ನಾಯಿ ಇಲ್ಲದ, ಮನುಷ್ಯರ ಓಡಾಟವಿಲ್ಲದ ದ್ವೀಪದ ನೆಲ. ಲಕ್ಷದ್ವೀಪದಲ್ಲಿ ಕವರತ್ತಿಯಿಂದ ವಾಯವ್ಯಕ್ಕಿರುವ ಪಿಟ್ಟಿ ಎಂಬ ಮರಗಿಡಗಳಿಲ್ಲದ ಪುಟ್ಟ ಮರಳ ದಿಬ್ಬ ಇಂತಹ ಹಕ್ಕಿಗಳಿಗಾಗಿಯೇ ಪಕ್ಷಿಧಾಮವೆಂದು ಘೋಷಿತವಾಗಿದೆ. ನಮ್ಮ ಉತ್ತರಕ್ಕೆ, ಮಹಾರಾಷ್ಟ್ರದ ವೆಂಗುರ್ಲಾದ ಎದುರಿನ ಬಂಡೆದ್ವೀಪಗಳಲ್ಲಿ ಇದೇ ರೀವದ ಹತ್ತಿರದ ಸಂಬಂಧಿಗಳು ಮರಿ ಮಾಡುತ್ತವೆ. ಗೂಡೆಂದು ಹೇಳುವಂಥದ್ದೇನೂ ಇರುವುದಿಲ್ಲ; ಮರಳಲ್ಲಿ ಒಂದು ಸಣ್ಣ ತಗ್ಗು, ಅದರಲ್ಲಿ ಒಂದೇ ಒಂದು ಮೊಟ್ಟೆ. ಗಂಡು-ಹೆಣ್ಣು ಸರದಿಯಂತೆ ಸುಮಾರು ನಾಲ್ಕು ವಾರ ಕಾವು ಕೊಡುತ್ತವೆ. ಮರಿ ಹಾರುವುದಕ್ಕೆ ಮತ್ತೆ ಎರಡು ತಿಂಗಳು ಬೇಕು. ಸಾವಿರಾರು ಹಕ್ಕಿಗಳು ಒಟ್ಟಾಗಿ ಕೂಗುವ ಆ ಗದ್ದಲದಲ್ಲಿ ತಂದೆ-ತಾಯಿ ಮತ್ತು ಮರಿ ಪರಸ್ಪರರನ್ನು ದನಿಯಿಂದಲೇ ಗುರುತಿಸುತ್ತವೆ. ಅದು ಹಾಡಲ್ಲ, ನಮ್ಮ ಕಿವಿಗೆ ಕರ್ಕಶವಾದ ಕೂಗು. ಆದರೂ ಆ ಕೂಗಿನಲ್ಲಿರುವ ಗುರುತಿನ ನಿಖರತೆ ಮಡಿವಾಳದ ಹಾಡಿಗಿಂತ ಕಡಿಮೆ ಮಟ್ಟದ್ದೆಂದು ನಾನು ಒಪ್ಪುವುದಿಲ್ಲ.

ಇನ್ನು ನೈಋತ್ಯ ಮುಂಗಾರಿನ ವಿಷಯ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಅವಧಿಯಲ್ಲಿ, ನಾಡದೋಣಿಗಳೂ ಅಂಜಿ ದಡದಲ್ಲೇ ಉಳಿಯುವ ದಿನಗಳಲ್ಲಿ, ಪಶ್ಚಿಮದಿಂದ ದಿನಗಟ್ಟಲೆ ಬೀಸುವ ಗಾಳಿ ಸಮುದ್ರವನ್ನು ಕಲಕಿಬಿಡುತ್ತದೆ. ಮೇಲ್ಮೈಯ ಮೀನನ್ನು ಕಣ್ಣಿನಿಂದ ಹುಡುಕಿ ಹಿಡಿಯುವ ಹಕ್ಕಿಗೆ ಆ ಕಲಕಿದ ನೀರಿನಲ್ಲಿ ಏನೂ ಕಾಣದು. ತಿನ್ನದೆ ಗಾಳಿಗೆದುರಾಗಿ ರೆಕ್ಕೆ ಬಡಿಯುತ್ತ ಮೈಯೊಳಗಿನ ಕೊಬ್ಬನ್ನೂ ಕೊನೆಗೆ ಎದೆಯ ಮಾಂಸಖಂಡವನ್ನೂ ಕರಗಿಸಿಕೊಂಡ ಹಕ್ಕಿ ಗಾಳಿ ತಳ್ಳಿದತ್ತ ತೇಲಿಬಂದು ನಮ್ಮ ತೀರದಲ್ಲಿ ಬೀಳುತ್ತದೆ. ಅನುಭವ ಸಾಲದ ಎಳೆಯ ಹಕ್ಕಿಗಳ ಪಾಡು ಇನ್ನೂ ಕಷ್ಟ. ಎಳೆಯ ರೀವ ದೊಡ್ಡದರಂತೆ ಕಪ್ಪು-ಬಿಳುಪಾಗಿರುವುದಿಲ್ಲ; ಮೈ ಬಹುಪಾಲು ಕಂದುಗಪ್ಪಾಗಿದ್ದು, ಬೆನ್ನ ಮೇಲೆ ಬಿಳಿ ಚುಕ್ಕೆಗಳಿರುತ್ತವೆ. ಕಾಗೆಯೆಂದೇ ತಿಳಿದು ಅದನ್ನು ದಾಟಿ ಹೋಗುವವರಿದ್ದಾರೆ.

ಹೀಗೆ ಬಿದ್ದ ಹಕ್ಕಿ ದಡದಲ್ಲಿ ವಿಶ್ರಾಂತಿಗೆ ಕುಳಿತದ್ದಲ್ಲ, ಅದರ ಶಕ್ತಿಯೇ ಮುಗಿದಿದೆ. ಅದನ್ನು ತೆರೆಗೆ ಎಸೆದರೆ ಪುಕ್ಕ ನೆನೆದು ಮುಳುಗುತ್ತದೆ, ಅಥವಾ ಅರ್ಧ ಗಂಟೆಯಲ್ಲಿ ಇನ್ನೂ ಕೆಟ್ಟ ಸ್ಥಿತಿಯಲ್ಲಿ ಮತ್ತೆ ಮರಳಿಗೆ ಬಂದು ಬೀಳುತ್ತದೆ. ಅಲ್ಲೇ ಬಿಟ್ಟರೆ ನಾಯಿ, ಕಾಗೆಗಳ ಪಾಲು. ಆದ್ದರಿಂದ ಇಂಥ ಹಕ್ಕಿಯನ್ನು ಎತ್ತಿಕೊಳ್ಳಲೇಬೇಕು. ಟವೆಲನ್ನೋ ಬೈರಾಸನ್ನೋ ಮೇಲಿನಿಂದ ಹೊದಿಸಿ, ರೆಕ್ಕೆಗಳು ಮೈಗೆ ಅಂಟಿಕೊಂಡಿರುವಂತೆ ಮೆಲ್ಲನೆ ಹಿಡಿದು, ಗಾಳಿಗೆ ತೂತು ಕೊರೆದ ರಟ್ಟಿನ ಪೆಟ್ಟಿಗೆಯಲ್ಲಿ ತಳಕ್ಕೆ ಒಣಬಟ್ಟೆ ಹಾಸಿ ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಡಬೇಕು. ಕೊಕ್ಕು ಬಿಡಿಸಿ ನೀರು ಹೊಯ್ಯಬಾರದು; ಅದು ಶ್ವಾಸಕೋಶಕ್ಕೆ ಇಳಿದರೆ ಹಕ್ಕಿ ಅಲ್ಲೇ ಸಾಯಬಹುದು. ಅನ್ನ, ಬ್ರೆಡ್, ಹಾಲು ಯಾವುದನ್ನೂ ಕೊಡಬಾರದು. ಹಸಿದು ಸೊರಗಿದ ದೇಹಕ್ಕೆ ಮೊದಲು ಬೇಕಾಗುವುದು ಬೆಚ್ಚಗಿನ ವಿಶ್ರಾಂತಿ, ಆಮೇಲೆ ಪಶುವೈದ್ಯರು ಅಳೆದು ಕೊಡುವ ದ್ರವ, ಅದಾದ ಮೇಲಷ್ಟೇ ಮೀನು. ಮೈಗೆ ಟಾರಿನ ಜಿಡ್ಡು ಮೆತ್ತಿಕೊಂಡಿದ್ದರೆ ಮನೆಯಲ್ಲಿ ಸೋಪು ಹಾಕಿ ತೊಳೆಯಲು ಹೋಗಬಾರದು. ದುರ್ಬಲ ಹಕ್ಕಿ ಆ ಚಳಿಯನ್ನು ತಡೆಯಲಾರದು. ಅರಣ್ಯ ಇಲಾಖೆಗೆ ತಿಳಿಸಿ ಪೆಟ್ಟಿಗೆಯನ್ನು ಹಸ್ತಾಂತರಿಸಿ, ಕೈಯನ್ನು ಸೋಪಿನಿಂದ ಚೆನ್ನಾಗಿ ತೊಳೆದುಕೊಳ್ಳಬೇಕು. ಇದರ ನಡುವೆ ಸೆಲ್ಫಿಗಾಗಿ ಅದನ್ನು ಕೈಯಿಂದ ಕೈಗೆ ದಾಟಿಸುವುದು ಬೇಡ. ಸುತ್ತ ನಿಂತ ಜನರ ಸದ್ದೇ ಅದರ ಉಳಿದ ಅಷ್ಟಿಷ್ಟು ಕಸುವನ್ನು ತಿಂದುಬಿಡುತ್ತದೆ.

ಮಾಸ್ಕ್ಡ್ ಬೂಬಿ ಎಂಬ ದೊಡ್ಡ ಕಡಲ ಹಕ್ಕಿಯ ಬಗ್ಗೆ ಇಲ್ಲಿ ಪ್ರತ್ಯೇಕವಾಗಿ ಹೇಳಲೇಬೇಕು, ಏಕೆಂದರೆ ಪಶ್ಚಿಮ ಕರಾವಳಿಯಲ್ಲಿ ಮಳೆಗಾಲದಲ್ಲಿ ದಡಕ್ಕೆ ಬೀಳುವ ಹಕ್ಕಿಗಳಲ್ಲಿ ಅದೂ ಒಂದು. ಒಂದೂವರೆ ಮೀಟರಿಗೂ ಹೆಚ್ಚು ರೆಕ್ಕೆಯಗಲದ, ಈಟಿಯಂಥ ಕೊಕ್ಕಿನ ಈ ಹಕ್ಕಿ ಎದುರಿಗಿರುವವರ ಕಣ್ಣಿಗೇ ಗುರಿಯಿಟ್ಟು ಕುಕ್ಕಬಹುದು. ಆ ಭಯದಿಂದ ಕೊಕ್ಕಿಗೆ ರಬ್ಬರ್ ಬ್ಯಾಂಡ್ ಹಾಕುವ ಯೋಚನೆ ಯಾರಿಗೂ ಬಂದೀತು. ದಯವಿಟ್ಟು ಹಾಗೆ ಮಾಡಬೇಡಿ. ಎತ್ತರದಿಂದ ನೀರಿಗೆ ಧುಮುಕುವ ಬೂಬಿಗಳಿಗೆ ಹೊರಗೆ ತೆರೆದ ಮೂಗಿನ ಹೊಳ್ಳೆಗಳೇ ಇಲ್ಲ, ಅವು ಬಾಯಿಯ ಅಂಚಿನಿಂದ ಉಸಿರಾಡುತ್ತವೆ. ಕೊಕ್ಕನ್ನು ಬಿಗಿಯಾಗಿ ಕಟ್ಟಿದರೆ ಉಸಿರು ಕಟ್ಟುತ್ತದೆ.

ಈಗ ಅಂಗಳದ ಮರಿಯ ಕಡೆಗೆ ಬರೋಣ. ಮಡಿವಾಳ ಮರದ ಪೊಟರೆಯಲ್ಲಿ, ಮುರಕಲ್ಲಿನ ಗೋಡೆಯ ಸಂದಿಯಲ್ಲಿ, ಹಳೆಯ ಹೆಂಚಿನ ಮನೆಯ ಮಾಡಿನ ಕೆಳಗೆ ಗೂಡು ಮಾಡಿ ಸಾಮಾನ್ಯವಾಗಿ ನಾಲ್ಕೈದು ಮೊಟ್ಟೆಯಿಡುತ್ತದೆ. ಕಾವು ಕೊಡುವುದು ಹೆಣ್ಣೊಂದೇ. ಎರಡು ವಾರದೊಳಗೆ ಮರಿಗಳು ಹೊರಬಂದು, ಮತ್ತೆ ಎರಡು ವಾರದ ಆಚೀಚೆ ಗೂಡು ಬಿಡುತ್ತವೆ. ಆ ಹೊತ್ತಿಗೆ ಪುಕ್ಕ ಬಂದಿದ್ದರೂ ಹಾರಾಟ ಪಳಗಿರುವುದಿಲ್ಲ. ಆದ್ದರಿಂದ ಕೆಲವು ದಿನ ಅವು ನೆಲದಲ್ಲಿ, ತಗ್ಗಿನ ಪೊದೆಯಲ್ಲಿ ಕಳೆಯುತ್ತವೆ. ತಂದೆ-ತಾಯಿ ಅಲ್ಲೇ ಎಲ್ಲೋ ಮರೆಯಲ್ಲಿದ್ದು, ನಾವು ದೂರ ಸರಿದೊಡನೆ ಬಂದು ಉಣಿಸುತ್ತವೆ. ನಾವು ಹತ್ತಿರ ನಿಂತಷ್ಟು ಹೊತ್ತು ಅವು ಬರುವುದಿಲ್ಲ. ಅವು ಬಾರದ್ದನ್ನು ನೋಡಿ ನಾವು ಮರಿಯನ್ನು ಅನಾಥವೆನ್ನುತ್ತೇವೆ. ಪುಕ್ಕ ಬಂದ ಮರಿಯಾದರೆ ಅಲ್ಲೇ ಬಿಡಬೇಕು, ಬೆಕ್ಕಿನ ಕಾಟವಿದ್ದರೆ ಹತ್ತಿರದ ಗಿಡದ ರೆಂಬೆಯ ಮೇಲಿಡಬೇಕು, ಬೆಕ್ಕನ್ನು ಒಂದೆರಡು ದಿನ ಮನೆಯೊಳಗೆ ಕೂಡಿಹಾಕಬೇಕು. ಪುಕ್ಕ ಮೂಡದ ಕೆಂಪು ಮರಿಯಾದರೆ ಅದು ಯಾವ ಗೂಡಿನಿಂದ ಬಿದ್ದಿದೆಯೆಂದು ಹುಡುಕಿ ಅದರಲ್ಲೇ ಇಡಬೇಕು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿಹಕ್ಕಿ ಹತ್ತಿರ ಸೇರಿಸುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ, ಆದರೆ ಅದು ನಿಜವಲ್ಲ.

ಮನೆಯಲ್ಲಿ ಸಾಕಿದ ಮರಿ ಬದುಕಿದರೂ ಅದಕ್ಕೆ ಆಗುವ ನಷ್ಟ ಒಂದಿದೆ. ರೀವದ ಮರಿಗೆ ಅದರ ಕೂಗು ಹುಟ್ಟಿನಿಂದಲೇ ಬರುತ್ತದೆ. ಮಡಿವಾಳ ಸೇರಿದ ಹಾಡುಹಕ್ಕಿಗಳ ವರ್ಗಕ್ಕೆ ಹಾಗಲ್ಲ: ಎಳವೆಯಲ್ಲಿ ತಂದೆಯ ಮತ್ತು ನೆರೆಯ ಗಂಡುಗಳ ಹಾಡನ್ನು ಕೇಳಿ, ನೆನಪಿಟ್ಟು, ಆಮೇಲೆ ತಿಂಗಳುಗಟ್ಟಲೆ ತೊದಲಿ ಕಲಿಯಬೇಕು. ಪಂಜರದೊಳಗೆ ಟಿವಿ ಸದ್ದಿನ ನಡುವೆ ಬೆಳೆದ ಗಂಡು ಮರಿಗೆ ಆ ಪಾಠ ತಪ್ಪಿಹೋಗುತ್ತದೆ. ಹಾಡು ಸರಿಯಿಲ್ಲದ ಗಂಡಿಗೆ ಮುಂದೆ ತನ್ನ ಜಾಗವನ್ನು ಕಾಯುವುದೂ ಸಂಗಾತಿಯನ್ನು ಪಡೆಯುವುದೂ ಕಷ್ಟ. ಇದಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಕಾಡುಹಕ್ಕಿಯನ್ನು ಪಂಜರದಲ್ಲಿ ಸಾಕುವುದು ಅಪರಾಧವೆಂಬುದನ್ನೂ ನೆನಪಿಸಬೇಕಾಗಿದೆ.

ಮೊಟ್ಟೆಯ ಲೆಕ್ಕವನ್ನು ನಾನು ಬೇಕೆಂದೇ ಎರಡೂ ಕಡೆ ಹೇಳಿದೆ. ಮಡಿವಾಳ ಹುಟ್ಟಿದ ಮರುವರ್ಷವೇ ಮರಿ ಮಾಡಬಲ್ಲದು. ಒಂದು ಗೂಡು ಹಾಳಾದರೆ ಅದೇ ಋತುವಿನಲ್ಲಿ ಮತ್ತೊಂದನ್ನು ಕಟ್ಟಬಲ್ಲದು. ಅದರ ಮರಿಗಳಲ್ಲಿ ಹೆಚ್ಚಿನವು ವರ್ಷ ತುಂಬುವ ಮೊದಲೇ ಸಾಯುತ್ತವೆ, ಆ ಸಾವನ್ನು ತುಂಬಿಕೊಡುವಷ್ಟು ಮೊಟ್ಟೆಗಳೂ ಇರುತ್ತವೆ. ರೀವ ಮೊದಲ ಸಲ ಮೊಟ್ಟೆಯಿಡುವುದು ಸಾಮಾನ್ಯವಾಗಿ ಆರರಿಂದ ಎಂಟು ವರ್ಷದ ಪ್ರಾಯದಲ್ಲಿ. ಆಮೇಲೂ ಒಂದು ಸಲಕ್ಕೆ ಒಂದೇ. ಕಾಲಿಗೆ ಉಂಗುರ ತೊಡಿಸಿ ಬಿಟ್ಟ ರೀವಗಳಲ್ಲಿ ಕೆಲವು 30 ವರ್ಷ ದಾಟಿ ಬದುಕಿದ್ದು ದಾಖಲಾಗಿದೆ. ನಿಧಾನವಾಗಿ, ದೀರ್ಘ ಆಯುಷ್ಯದಲ್ಲಿ, ಒಂದೊಂದಾಗಿ ಮರಿ ಮಾಡುವ ಇಂತಹ ಹಕ್ಕಿಯ ಕುಲ ಉಳಿಯುವುದು ಪ್ರಾಯಕ್ಕೆ ಬಂದ ಹಕ್ಕಿಗಳು ಸಾಯದೆ ಇದ್ದರೆ ಮಾತ್ರ. ಹಾಗಾಗಿ ಕಾಪುವಿನ ಮರಳಿನಲ್ಲಿ ಬಿದ್ದ ಒಂದು ದೊಡ್ಡ ರೀವವನ್ನು ಬದುಕಿಸಿ ಕಡಲಿಗೆ ಮರಳಿಸುವುದಕ್ಕೆ ನಾವು ತೆಗೆದುಕೊಳ್ಳುವ ಶ್ರಮ ವ್ಯರ್ಥವಲ್ಲ. ಜಗತ್ತಿನಲ್ಲಿ ಎರಡು ಕೋಟಿಗೂ ಹೆಚ್ಚು ರೀವಗಳಿವೆಯಲ್ಲ, ಒಂದು ಹೋದರೇನು ಎಂದು ಕೇಳುವವರಿದ್ದಾರೆ. ಅಟ್ಲಾಂಟಿಕ್ ಸಾಗರದ ಅಸೆನ್ಷನ್ ದ್ವೀಪದಲ್ಲೂ ಅವು ಲೆಕ್ಕವಿಲ್ಲದಷ್ಟಿದ್ದವು. ಹಡಗುಗಳಲ್ಲಿ ಬಂದಿಳಿದ ಇಲಿ, ಬೆಕ್ಕುಗಳು ಅಲ್ಲಿನ ಕಡಲ ಹಕ್ಕಿಗಳನ್ನು ದಶಕಗಳ ಕಾಲ ತಿಂದವು. 2006ರಲ್ಲಿ ಆ ದ್ವೀಪವನ್ನು ಹೀಗೆ ಬಂದು ಕಾಡು ಸೇರಿದ ಬೆಕ್ಕುಗಳಿಂದ ಮುಕ್ತವೆಂದು ಘೋಷಿಸುವುದಕ್ಕೆ ದೊಡ್ಡ ಅಭಿಯಾನವೇ ಬೇಕಾಯಿತು.

ಮಡಿವಾಳದ ಸಂಕಟ ಬೇರೆ ದಿಕ್ಕಿನಿಂದ ಬರುತ್ತದೆ. ಒಂದು ಕಾಲಕ್ಕೆ ಸಿಂಗಪುರದಲ್ಲಿ ಎಲ್ಲೆಲ್ಲೂ ಇದ್ದ ಈ ಹಕ್ಕಿ ಹಾಡಿಗಾಗಿ ಹಿಡಿಯುವವರಿಂದಲೂ ಪೊಟರೆಗಳಿಗಾಗಿ ಮೈನಾಗಳ ಪೈಪೋಟಿಯಿಂದಲೂ 1970ರ ದಶಕದ ಹೊತ್ತಿಗೆ ಅಲ್ಲಿ ಕಾಣೆಯಾಗುವ ಹಂತ ತಲುಪಿತ್ತು, ಆಮೇಲೆ ಹೊರಗಿನಿಂದ ತಂದು ಬಿಡಬೇಕಾಯಿತು. ಮಂಗಳೂರು-ಉಡುಪಿಯಲ್ಲಿ ಅಂತಹ ಸ್ಥಿತಿಯಿಲ್ಲ. ಆದರೆ ಹೆದ್ದಾರಿ 66ರ ಅಗಲೀಕರಣಕ್ಕೆ ಬಲಿಯಾದ ಹಳೆಯ ಮರಗಳ ಜೊತೆ ಅವುಗಳ ಪೊಟರೆಗಳೂ ಹೋದವು. ಕಾಂಕ್ರೀಟ್ ಮನೆಗೆ ಸಂದಿಯಿಲ್ಲ. ಇಂಟರ್‌ಲಾಕ್ ಹಾಸಿದ ಅಂಗಳದಲ್ಲಿ ಹುಳುವಿಲ್ಲ. ಗುಡಿಸಿ ಸುಟ್ಟ ತರಗೆಲೆಯ ಜೊತೆ ಅದರ ಊಟವೂ ಸುಟ್ಟಿತು. ನಮ್ಮ ನಾಗಬನಗಳನ್ನು ಕಲ್ಲು-ಸಿಮೆಂಟಿನ ಕಟ್ಟೆಗಳಾಗಿ ಪರಿವರ್ತಿಸುವ ಹೊಸ ಉತ್ಸಾಹ ನನಗೆ ಬಹಳ ನೋವು ತರುತ್ತದೆ. ಹಿರಿಯರು ನಾಗನ ಹೆಸರಿನಲ್ಲಿ ಕತ್ತಿ ತಾಗಿಸದೆ ಉಳಿಸಿದ ಆ ತುಂಡು ಕಾಡುಗಳಲ್ಲಿ ಪೊಟರೆಯಿರುವ ಮರ, ಕೊಳೆತ ಎಲೆ, ದಟ್ಟ ಪೊದೆ ಎಲ್ಲವೂ ಇವೆ. ಮಡಿವಾಳಕ್ಕೆ ಅದಕ್ಕಿಂತ ಬೇರೆ ಪಕ್ಷಿಧಾಮ ಬೇಕಾಗಿಲ್ಲ. ನಾಗನಿಗೂ ನೆರಳು ಬೇಡವೆಂದು ಯಾವ ಹಿರಿಯರೂ ಹೇಳಿದ್ದಿಲ್ಲ.

ತಮ್ಮ ಪತ್ರಿಕೆಯ ಮೂಲಕ ಕೆಲವು ಕೋರಿಕೆಗಳನ್ನು ಮುಂದಿಡುತ್ತಿದ್ದೇನೆ. ಮಳೆಗಾಲದಲ್ಲಿ ನೀರಿಗಿಳಿಯದಂತೆ ಎಚ್ಚರಿಸಲು ಕಡಲತೀರಗಳಲ್ಲಿ ಜೀವರಕ್ಷಕರಿರುತ್ತಾರೆ, ಕರಾವಳಿ ಕಾವಲು ಪೊಲೀಸರು ಗಸ್ತು ತಿರುಗುತ್ತಾರೆ. ಬಿದ್ದ ಹಕ್ಕಿಯನ್ನು ಮೊದಲು ಕಾಣುವವರಲ್ಲಿ ಇವರೂ, ನಾಡದೋಣಿಯವರೂ, ಕೈರಂಪಣಿ ಬಲೆ ಎಳೆಯುವವರೂ ಇರುತ್ತಾರೆ. ಇವರಿಗೆ ಮೇ ತಿಂಗಳ ಕೊನೆಯೊಳಗೆ ಅರಣ್ಯ ಇಲಾಖೆ ಮತ್ತು ಪಶುಸಂಗೋಪನಾ ಇಲಾಖೆಗಳು ಸೇರಿ ಅರ್ಧ ದಿನದ ತರಬೇತಿ ಕೊಟ್ಟು, ಪ್ರತಿ ಜೀವರಕ್ಷಕ ಠಾಣೆಯಲ್ಲಿ ಒಂದೆರಡು ರಟ್ಟಿನ ಪೆಟ್ಟಿಗೆ, ಹಳೆಯ ಟವೆಲ್, ಕೈಗವಸು ಇರಿಸಿದರೆ ಅದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಚೇತರಿಸಿಕೊಂಡ ಹಕ್ಕಿಯನ್ನು ದಡದಿಂದ ಹಾರಿಸದೆ, ಗಾಳಿ ತಗ್ಗಿದ ದಿನ ದೋಣಿಯಲ್ಲಿ ಒಯ್ದು ತೆರೆಗಳಾಚೆ ಬಿಡುವ ವ್ಯವಸ್ಥೆಗೆ ನಮ್ಮ ಮೀನುಗಾರ ಬಂಧುಗಳ ನೆರವು ಕೇಳಿದರೆ ಅವರು ಇಲ್ಲವೆನ್ನಲಾರರು.

ಪತ್ರಿಕೆಯವರಲ್ಲಿ ನನ್ನ ವಿನಂತಿ ಇಷ್ಟು. ಕಡಲ ಹಕ್ಕಿಯನ್ನು ತೆರೆಗೆ ಎಸೆದವರ ಚಿತ್ರವನ್ನು ರಕ್ಷಣೆಯ ಸುದ್ದಿಯೆಂದು ಪ್ರಕಟಿಸುವ ಮೊದಲು ದಯವಿಟ್ಟು ಹಕ್ಕಿ ಬಲ್ಲವರೊಬ್ಬರನ್ನು ಕೇಳಿ. ಮಾರ್ಚ್ ತಿಂಗಳಲ್ಲಿ ಅಂಗಳದ ಮರಿಗಳ ಬಗ್ಗೆ, ಮೇ ಕೊನೆಯ ವಾರದಲ್ಲಿ ಕಡಲ ಹಕ್ಕಿಗಳ ಬಗ್ಗೆ, ಒಂದೊಂದು ಚಿತ್ರದೊಂದಿಗೆ ನಾಲ್ಕು ಸಾಲಿನ ಸೂಚನೆಯನ್ನು ಪ್ರತಿ ವರ್ಷ ಮುದ್ರಿಸಿ. ಅರಣ್ಯ ಇಲಾಖೆಯ ಸಂಪರ್ಕ ಸಂಖ್ಯೆಯೂ ಅದರಲ್ಲಿರಲಿ. ಶಾಲೆಗಳ ಸೂಚನಾ ಫಲಕಕ್ಕೆ ಅದನ್ನು ಕತ್ತರಿಸಿ ಅಂಟಿಸುವ ಶಿಕ್ಷಕರು ಎರಡೂ ಜಿಲ್ಲೆಗಳಲ್ಲಿ ಬೇಕಾದಷ್ಟಿದ್ದಾರೆ.

ಇತಿ,
ತಮ್ಮ ಓದುಗಳು,
ನಿವೃತ್ತ ವಿಜ್ಞಾನ ಶಿಕ್ಷಕಿ, ಮಲ್ಪೆ, ಉಡುಪಿ